ಕಂತು ತಪ್ಪಲಿಲ್ಲ, ಸಾಲ ತೀರಿತೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸ್ವಸಹಾಯ ಸಂಘದ ವಾರದ ಸಭೆ ನಡೆಯದ ಬೈಲು ಸಿಗುವುದು ಕಷ್ಟ. ಯಾರದ್ದಾದರೂ ಮನೆಯ ಜಗಲಿಯಲ್ಲಿ ಚಾಪೆ ಹಾಸಿರುತ್ತದೆ. ಬಂದವರಲ್ಲಿ ಒಬ್ಬಿಬ್ಬರು ತಡಪೆಯನ್ನೂ ಜೊತೆಗೆ ತಂದಿರುತ್ತಾರೆ; ಅದನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತುತ್ತಲೇ ಲೆಕ್ಕ ಕೇಳುತ್ತಾರೆ. ಬೀಡಿಗೆ ಮಜೂರಿ ಸಾವಿರದ ಲೆಕ್ಕದಲ್ಲಿ. ಸಭೆಯ ಒಂದು ಗಂಟೆ ಕೈ ನಿಂತರೆ ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಬೀಡಿ ಅಷ್ಟು ಕಡಿಮೆಯಾಗುತ್ತದೆ. ಹಾಜರಿ, ಉಳಿತಾಯ, ಕಂತು, ಹೊಸ ಅರ್ಜಿ ಎಲ್ಲವೂ ಒಂದೊಂದಾಗಿ ನಿರ್ಣಯ ಪುಸ್ತಕಕ್ಕೆ ಏರುತ್ತವೆ. "ಅಕ್ಕ, ನಿಮ್ಮದು ಈ ವಾರದ್ದು ಬಾಕಿ ಉಂಟಲ್ಲ?" ಎಂದು ಯಾರಾದರೂ ಕೇಳಿದರೆ ಸಾಕು, ಉಳಿದವರ ಮಾತೂ ಒಮ್ಮೆ ನಿಲ್ಲುತ್ತದೆ.

ಮನೆಯ ಖರ್ಚು ಹಿಡಿತಕ್ಕೆ ತರುವುದು, ಸಾಲ ಇಳಿಸುವುದು ಎಂಬ ಎರಡು ಕೆಲಸಗಳನ್ನು ಒಂಟಿ ಮನೆಯ ಹಟಕ್ಕೆ ಬಿಡದೆ ನಾಲ್ಕು ಜನರ ನಡುವಿನ ಕೆಲಸವಾಗಿ ಮಾಡಿದ್ದು ಈ ಭಾಗದ ಹೆಚ್ಚುಗಾರಿಕೆ. ಅದನ್ನು ಹೊಗಳಿದವರು ಬಹಳ, ಬೈದವರೂ ಕಡಿಮೆಯಿಲ್ಲ. ಹೊಗಳುವವರು ಮರುಪಾವತಿಯ ಶಿಸ್ತನ್ನು ತೋರಿಸುತ್ತಾರೆ. ಬೈಯುವವರು ಬಡ್ಡಿಯ ಮಾತು, ಒತ್ತಾಯದ ಮಾತು ಎತ್ತುತ್ತಾರೆ. ಇಬ್ಬರೂ ಸಾಮಾನ್ಯವಾಗಿ ಕೇಳದ ಒಂದು ಪ್ರಶ್ನೆ ಉಳಿಯುತ್ತದೆ: ಹತ್ತು ವರ್ಷ ಒಂದೂ ಕಂತು ತಪ್ಪಿಸದ ಮನೆಯ ತಲೆಯ ಮೇಲಿನ ಒಟ್ಟು ಸಾಲ ಇಳಿದಿದೆಯೇ?

ಈ ಸಾಲದ ಬೇರು ಸಂಘಕ್ಕಿಂತ ಹಿಂದಿನದು. 1974ರ ಭೂಸುಧಾರಣೆ ತಿದ್ದುಪಡಿಯಿಂದ ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರು ಜಮೀನಿನ ಒಡೆಯರಾದರು. ಭೂಮಿ ಕೈಗೆ ಬಂತು, ಅದನ್ನು ಸರಿಮಾಡುವ ದುಡ್ಡು ಬರಲಿಲ್ಲ. ಗುಡ್ಡದ ಇಳಿಜಾರನ್ನು ತಟ್ಟು ಮಾಡಬೇಕು, ಬಾವಿ ತೋಡಬೇಕು, ಕಂಗು ನೆಡಬೇಕು, ನೆಟ್ಟ ಮೇಲೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಕೂಲಿಗೆ ಜನ ಕರೆಯಲು ಕೈಸಾಲ, ಕೈಸಾಲ ತೀರಿಸಲು ಬಂಗಾರದ ಅಡವು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳ್ತಂಗಡಿ ತಾಲ್ಲೂಕಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಎದುರಿಗಿದ್ದದ್ದು ಇಂಥ ಮನೆಗಳು. ಆರಂಭದ ವರ್ಷಗಳಲ್ಲಿ ನೇರ ನೆರವು ಕೊಡಲಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ಪ್ರಗತಿಬಂಧು ತಂಡಗಳು ಬಂದವು: ಐದರಿಂದ ಎಂಟು ಮಂದಿ ಸಣ್ಣ ರೈತರು, ವಾರಕ್ಕೊಂದು ದಿನ ಎಲ್ಲರೂ ಸೇರಿ ಒಬ್ಬನ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿಯುವುದು, ಮುಂದಿನ ವಾರ ಇನ್ನೊಬ್ಬನ ಜಮೀನಿನಲ್ಲಿ. ಜೊತೆಗೆ ಹತ್ತೋ ಇಪ್ಪತ್ತೋ ರೂಪಾಯಿಯ ವಾರದ ಉಳಿತಾಯ.

ಘಟ್ಟದ ಮೇಲಿನವರಿಗೆ ಮುಯ್ಯಾಳು ಹೊಸದಲ್ಲ; ಈ ಕಡೆಯೂ ನೇಜಿ ನೆಡುವಾಗ, ಮನೆಗೆ ಹುಲ್ಲು ಹೊದಿಸುವಾಗ ಒಬ್ಬರಿಗೊಬ್ಬರು ಆಗುವುದು ಇದ್ದದ್ದೇ. ಪ್ರಗತಿಬಂಧು ಮಾಡಿದ್ದು ಅದಕ್ಕೆ ಒಂದು ದಿನ, ಒಂದು ಸರದಿ, ಒಂದು ಪುಸ್ತಕ ಕೊಟ್ಟದ್ದು. ಉಳಿದ ಎಲ್ಲ ಯೋಜನೆಗಳಿಗಿಂತ ಇದೇ ದೊಡ್ಡದು ಎಂಬುದು ಈ ಬರಹದ ವಾದ. ಆದ್ದರಿಂದ ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆರು ಜನರ ತಂಡ ಎಂದಿಟ್ಟುಕೊಳ್ಳೋಣ. ವರ್ಷದ 52 ವಾರಗಳಲ್ಲಿ ಒಬ್ಬೊಬ್ಬನ ಜಮೀನಿಗೆ ಎಂಟೋ ಒಂಬತ್ತೋ ಸಲ ಸರದಿ ಬರುತ್ತದೆ. ಪ್ರತಿ ಸಲ ಉಳಿದ ಐವರು ಬರುತ್ತಾರೆ, ಅಂದರೆ ಸುಮಾರು 43 ಆಳಿನ ಕೆಲಸ. ದಿನಕೂಲಿ 600 ರೂಪಾಯಿ ಹಿಡಿದರೂ 25,000 ರೂಪಾಯಿ ದಾಟುತ್ತದೆ. ಇದು ಪೂರ್ತಿ ಉಳಿತಾಯವೇ ಎಂದು ಕೇಳಿದರೆ ಹೌದೆನ್ನಲಾಗದು. ಆ ರೈತನೂ ಇನ್ನೊಬ್ಬರ ಜಮೀನಿನಲ್ಲಿ ಅಷ್ಟೇ ದಿನ ದುಡಿದಿದ್ದಾನೆ. ಆ ದಿನಗಳಲ್ಲಿ ಅವನಿಗೆ ಬೇರೆಲ್ಲಾದರೂ ಕೂಲಿ ಸಿಗುತ್ತಿದ್ದರೆ ಲೆಕ್ಕ ಸರಿಗೆ ಸರಿ. ಲಾಭ ಇರುವುದು ಬೇರೆ ಕಡೆ. ಬಾವಿಯ ಮಣ್ಣೆತ್ತುವುದು, ಕಟ್ಟ ಕಟ್ಟುವುದು, ಮನೆಯ ಪಂಚಾಂಗ ತೆಗೆಯುವುದು ಒಬ್ಬನು ಆರು ದಿನ ಮಾಡಿ ಮುಗಿಸುವ ಕೆಲಸಗಳಲ್ಲ, ಆರು ಜನ ಒಟ್ಟಿಗೆ ನಿಲ್ಲಬೇಕಾದವು. ಆ ಆರು ಜನರನ್ನು ನಗದು ಕೊಟ್ಟು ಕರೆಯಬೇಕಾದರೆ ಸಾಲ ಮಾಡಬೇಕು. ಆ ಸಾಲವನ್ನೇ ಶ್ರಮವಿನಿಮಯ ತಪ್ಪಿಸಿತು. ಮಾಡದ ಸಾಲಕ್ಕೆ ಬಡ್ಡಿಯಿಲ್ಲ, ಹುಟ್ಟಿದ ಬಾವಿ ಮಾತ್ರ ಉಳಿಯಿತು.

ಈಗ ಎಲ್ಲ ಕಡೆ ಶ್ರಮವಿನಿಮಯದ ಆ ಬಿಗಿ ಉಳಿದಿಲ್ಲ. ಕಾರಣ ಸೋಮಾರಿತನ ಎನ್ನುವುದು ಸುಲಭ, ಆದರೆ ಅನ್ಯಾಯ. ಮಗ ಮಂಗಳೂರಿನಲ್ಲೋ ಕೊಲ್ಲಿಯಲ್ಲೋ ದುಡಿಯುತ್ತಾನೆ. ಅಪ್ಪನಿಗೆ ಪಿಕ್ಕಾಸು ಎತ್ತುವ ವಯಸ್ಸಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಬೋರ್ಡೋ ದ್ರಾವಣ ಸಿಂಪಡಿಸುವುದು ಮರ ಹತ್ತಲು ಬಲ್ಲವನ ಕೆಲಸ, ಅವನ ಒಂದು ದಿನಕ್ಕೆ ಸಮನಾಗಿ ಹಿಂದಿರುಗಿಸಲು ಉಳಿದವರ ಬಳಿ ಆ ಕಸುಬಿಲ್ಲ. ಕೂಲಿ ಏರಿದಂತೆ ಒಂದು ದಿನ ಬಿಟ್ಟುಕೊಡುವುದು ಭಾರವಾಯಿತು. ಹೀಗೆ ಶ್ರಮದ ಅರ್ಧ ತೆಳುವಾಗುತ್ತ ಹೋದ ಕಾಲಕ್ಕೇ ಹಣದ ಅರ್ಧ ದಪ್ಪವಾಗುತ್ತ ಬಂತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುಮಾಡಿತ್ತು. ಮುಂದೆ ಗ್ರಾಮಾಭಿವೃದ್ಧಿ ಯೋಜನೆಯೂ ಬ್ಯಾಂಕುಗಳ ಪ್ರತಿನಿಧಿಯಾಗಿ ಸಂಘಗಳಿಗೆ ಸಾಲ ತಲುಪಿಸುವ ವ್ಯವಸ್ಥೆಗೆ ಬಂತು. ಪ್ರಗತಿನಿಧಿ ಎಂಬ ಈ ಸಾಲದಿಂದ ಮನೆಗಳು ಎದ್ದವು, ದನ ಬಂತು, ಶೌಚಾಲಯ ಆಯಿತು, ಮಕ್ಕಳು ಕಾಲೇಜಿಗೆ ಹೋದರು. ಬಡ್ಡಿ ವ್ಯಾಪಾರಿಯ ಬಾಗಿಲು ತಟ್ಟುವುದು ತಪ್ಪಿತು. ಇದನ್ನು ಅಲ್ಲಗಳೆಯುವವರು ಎಂಬತ್ತರ ದಶಕದ ಬೆಳ್ತಂಗಡಿಯನ್ನು ಮರೆತವರು.

ಆದರೂ ಉಳಿತಾಯದ ಅರ್ಥ ಇಲ್ಲಿ ಮೆಲ್ಲನೆ ಜಾರಿದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ದಿನದ ಪುಡಿಗಾಸು ಕೂಡಿಡುವ ರೂಢಿ ಹಳೆಯದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಪಿಗ್ಮಿಯವನು ಅಂಗಡಿ ಬಾಗಿಲಿಗೆ ಬಂದು ಒಯ್ಯುತ್ತಿದ್ದದ್ದು ಆ ಮನೆಯದ್ದೇ ದುಡ್ಡು. ವರ್ಷಗಳ ಮೇಲೆ ಬಡ್ಡಿ ಸೇರಿ ವಾಪಸ್ಸು ಬರುತ್ತಿತ್ತು. ಸಂಘದ ವಾರದ ಇಪ್ಪತ್ತು ರೂಪಾಯಿಯೂ ಮನೆಯದ್ದೇ. ಆದರೆ ಬಹಳ ಮನೆಗಳಿಗೆ ಅದು ಮುಂದಿನ ಸಾಲಕ್ಕೆ ಅರ್ಹತೆಯಾಗಿ ಕಾಣತೊಡಗಿದೆ. ಇಪ್ಪತ್ತು ರೂಪಾಯಿ ಕೂಡಿಟ್ಟು ವಾರಕ್ಕೆ ಸಾವಿರ ರೂಪಾಯಿ ಕಂತು ಕಟ್ಟುವ ಮನೆ ಉಳಿಸುತ್ತಿದೆ ಎನ್ನಬೇಕೋ, ನಾಳೆಯ ಗಳಿಕೆಯನ್ನು ಇಂದೇ ಖರ್ಚು ಮಾಡುತ್ತಿದೆ ಎನ್ನಬೇಕೋ? ಹಳೆಯ ಸಾಲ ಇನ್ನೂ ಅರ್ಧ ಇರುವಾಗಲೇ ಹೊಸ ಸಾಲ ಮಂಜೂರಾಗಿ, ಅದರಿಂದ ಹಳೆಯದನ್ನು ಮುರಿದುಕೊಂಡರೆ ಪುಸ್ತಕದಲ್ಲಿ ಎಲ್ಲವೂ ಚೊಕ್ಕ. ಮನೆಯವರ ಮಟ್ಟಿಗೆ ಸಾಲ ಮುಗಿಯುವ ದಿನವೇ ಬರುವುದಿಲ್ಲ.

ಸಹಕಾರಿ ಸೊಸೈಟಿಯ ಬೆಳೆಸಾಲದಲ್ಲೂ ಇದೇ ರೋಗ. ಈ ಜಿಲ್ಲೆ ಮೊಳಹಳ್ಳಿ ಶಿವರಾಯರು ಸಹಕಾರ ತತ್ವ ಬೆಳೆಸಿದ ನೆಲ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ. ಹಾಗಾಗಿ ಗಡುವು ಹತ್ತಿರ ಬಂದಾಗ ನಾಲ್ಕು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ, ಮತ್ತೆ ಎತ್ತಿ, ಕೈಸಾಲ ವಾಪಸ್ಸು ಕೊಡುವವರಿದ್ದಾರೆ. ಶೂನ್ಯ ಬಡ್ಡಿಯ ಸಾಲಕ್ಕೂ ಹೀಗೆ ಒಂದು ಬಡ್ಡಿ ಹುಟ್ಟಿಕೊಳ್ಳುತ್ತದೆ.

ಮಿತವ್ಯಯದ ಮಾತೆತ್ತಿದ ಕೂಡಲೇ ಉಪದೇಶ ಅಡುಗೆಮನೆಗೆ ನುಗ್ಗುತ್ತದೆ: ಚಹಾಪುಡಿ ಕಡಿಮೆ ಮಾಡಿ, ಮೀನು ವಾರಕ್ಕೊಂದು ಸಲ ಸಾಕು. ಇದು ತಪ್ಪು ಜಾಗದಿಂದ ಶುರುಮಾಡುವ ಕ್ರಮ. ಒಂದು ಲಕ್ಷ ರೂಪಾಯಿಗೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ ಕಟ್ಟುವ ಮನೆಯಿಂದ ತಿಂಗಳಿಗೆ 2,000 ರೂಪಾಯಿ ಹೋಗುತ್ತದೆ. ಅದೇ ಸಾಲ ವರ್ಷಕ್ಕೆ ಶೇಕಡಾ 9ರ ಬಡ್ಡಿಗೆ ಬದಲಾದರೆ ಹೋಗುವುದು 750. ಉಳಿದ 1,250 ರೂಪಾಯಿಗೆ ಯಾರೂ ಮೀನು ಬಿಡಬೇಕಾಗಿಲ್ಲ. ಕಂತಿನ ಬಡ್ಡಿಯಲ್ಲೂ ಕಣ್ಣಿಗೆ ಕಾಣದ ಸೋರಿಕೆಯಿದೆ. 50,000 ರೂಪಾಯಿಗೆ ವರ್ಷಕ್ಕೆ ಶೇಕಡಾ 12 ಎಂದು ಪೂರ್ತಿ ಅಸಲಿನ ಮೇಲೆ 6,000 ಬಡ್ಡಿ ಹಾಕಿ 52 ವಾರದ ಕಂತು ಮಾಡಿದರೆ, ಅಸಲು ವಾರವಾರವೂ ಇಳಿಯುವುದರಿಂದ ನಿಜವಾದ ಬಡ್ಡಿ ಹತ್ತಿರ ಹತ್ತಿರ ಎರಡು ಪಟ್ಟು. ಸಾಲ ಕೇಳುವಾಗ ಕೇಳಬೇಕಾದ ಮೊದಲ ಮಾತು, ಇಳಿಯುವ ಬಾಕಿಯ ಮೇಲೆ ಬಡ್ಡಿಯೋ, ಪೂರ್ತಿ ಅಸಲಿನ ಮೇಲೋ ಎಂಬುದು. ಜಗಲಿಯ ಸಭೆಯಲ್ಲಿ ಇದನ್ನು ಒಂದು ಸಲ ಬಿಡಿಸಿ ಹೇಳಿದರೆ ಹತ್ತು ಉಳಿತಾಯ ಭಾಷಣಕ್ಕಿಂತ ಮೇಲು.

ಅಡುಗೆಮನೆಯ ಮಟ್ಟಿಗೆ ಇಲ್ಲಿನ ಹೆಂಗಸರಿಗೆ ಕಲಿಸಬೇಕಾದದ್ದು ಅಷ್ಟಿಲ್ಲ. ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಒಣಮೀನು ಆಟಿ ತಿಂಗಳ ಮಳೆಗೆ ಆಗುತ್ತಿತ್ತು. ಬಸಳೆ ಚಪ್ಪರ, ಹರಿವೆ ಸಾಲು, ಕೆಸುವಿನ ಎಲೆಯ ಪತ್ರೊಡೆಗೆ ದುಡ್ಡು ಬೇಕಿರಲಿಲ್ಲ. ಈಗ ಆಟಿ ಕೂಟಗಳಲ್ಲಿ ಅವೆಲ್ಲ ಬಾಳೆ ಎಲೆಗೆ ಬರುತ್ತಿವೆ. ವರ್ಷಕ್ಕೊಂದು ದಿನದ ಬದಲು ಮನೆಯ ವಾರದ ಅಡುಗೆಗೆ ಅವು ಮರಳಿದರೆ ಸಂತೋಷ. ಆದರೆ ಸಾಲದ ದೊಡ್ಡ ಪಾಲು ಹುಟ್ಟುವುದು ಬಸಳೆ ಬಿಟ್ಟದ್ದರಿಂದ ಅಲ್ಲವೇ ಅಲ್ಲ. ಅದು ಹುಟ್ಟುವುದು ಆಸ್ಪತ್ರೆಯಲ್ಲಿ, ಕಾಲೇಜಿನ ಶುಲ್ಕದಲ್ಲಿ, ಹೆಂಡದಂಗಡಿಯಲ್ಲಿ ಮತ್ತು ಮದುವೆಯ ಹಾಲ್‌ನಲ್ಲಿ.

ಮೊದಲ ಎರಡನ್ನು ಮಿತವ್ಯಯದಿಂದ ಗೆಲ್ಲಲಾಗದು. ಆ ಹೊಣೆ ಸರಕಾರದ್ದು. ಕೊನೆಯ ಎರಡರಲ್ಲಿ ಈ ನೆಲದಲ್ಲಿ ಗಟ್ಟಿ ಪ್ರಯತ್ನ ನಡೆದಿದೆ. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಕುಡಿತ ಬಿಡಿಸುವುದನ್ನು ಊರಿನ ಕಾರ್ಯಕ್ರಮವಾಗಿ ಮಾಡಿವೆ. ಕುಡಿಯುವವನ ದಿನದ ಖರ್ಚು 150 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 54,750. ಸಂಘದ ಯಾವ ಉಳಿತಾಯವೂ ಇದರ ಹತ್ತಿರ ಬರದು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹದಲ್ಲಿ ಸೀರೆ, ಧೋತರ, ಮಾಂಗಲ್ಯ ಕ್ಷೇತ್ರದ್ದೇ. ಮನೆಯವರು ಸಾಲ ಮಾಡಬೇಕಾದ ಪ್ರಮೇಯವೇ ಇಲ್ಲ. ಐವತ್ತು ವರ್ಷ ದಾಟಿದ ಈ ಮಾದರಿ ಕಣ್ಣೆದುರಿಗೇ ಇದ್ದೂ ಸುತ್ತಲಿನ ಊರುಗಳ ಮಧ್ಯಮ ಮನೆಗಳು ಅದನ್ನು ಬಡವರ ಮದುವೆ ಎಂದು ಬದಿಗಿಟ್ಟವು. ಮದುವೆಯ ಮುನ್ನಾದಿನದ ಮೆಹಂದಿ ಈಗ ಶಾಮಿಯಾನ, ಡಿಜೆ, ಮಾಂಸದೂಟ, ಬಾಟಲಿಗಳ ಇನ್ನೊಂದು ಮದುವೆಯೇ ಆಗಿದೆ. ಜಗಲಿಯಲ್ಲಿ ಇಪ್ಪತ್ತು ರೂಪಾಯಿ ಬಾಕಿಗೆ ಮುಖ ಕೆಂಪಾಗುವ ಸಮಾಜ ಮೆಹಂದಿಯ ಒಂದು ರಾತ್ರಿಗೆ ಮಾಡುವ ಸಾಲವನ್ನು ಕೇಳುವುದಿಲ್ಲ. ಸಂಘಗಳ ದೊಡ್ಡ ಸೋಲು ಇದು ಎನ್ನಬೇಕು: ಕಂತಿನ ಮೇಲೆ ಅವು ಕಟ್ಟಿದ ಸಾಮೂಹಿಕ ಒತ್ತಡವನ್ನು ಖರ್ಚಿನ ಮೇಲೆ ಕಟ್ಟಲಿಲ್ಲ.

ಆ ಒತ್ತಡಕ್ಕೂ ಒಂದು ಕರಾಳ ಮುಖವಿದೆ. ಒಬ್ಬರು ಕಟ್ಟದಿದ್ದರೆ ಉಳಿದವರು ಹೊಣೆ ಎಂಬ ನಿಯಮ ನೆರೆಹೊರೆಯವರನ್ನೇ ವಸೂಲಿದಾರರನ್ನಾಗಿ ಮಾಡುತ್ತದೆ. ರಾಜ್ಯದ ಬೇರೆ ಬೇರೆ ಕಡೆ ಖಾಸಗಿ ಮೈಕ್ರೋಫೈನಾನ್ಸ್ ಕಂಪನಿಗಳ ಕಿರುಕುಳಕ್ಕೆ ಜನ ಊರು ಬಿಟ್ಟದ್ದು, ಜೀವ ಕಳೆದುಕೊಂಡದ್ದು ಸುದ್ದಿಯಾದ ಮೇಲೆ 2025ರ ಫೆಬ್ರುವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದಕ್ಕೂ ಮೊದಲು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ, ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಯ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂದು ಹೇಳಿತ್ತು. ನಿಯಮ ಒಳ್ಳೆಯದೇ. ಆದರೆ ತಿಂಗಳಿಗೆ 25,000 ಬರುವ ಮನೆಯಿಂದ 12,500 ಕಂತಿಗೆ ಹೋಗಬಹುದು ಎನ್ನುವ ಮಿತಿ ಸಾಲ ಕೊಟ್ಟವರಿಗೆ ನೆಮ್ಮದಿ ಕೊಡಬಹುದು. ಅಕ್ಕಿ, ಗ್ಯಾಸು, ಬಸ್ಸು, ಮಾತ್ರೆಗೆ ಉಳಿದದ್ದರಲ್ಲಿ ತಿಂಗಳು ದೂಡುವವರಿಗೆ ಅಲ್ಲ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ, 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಈ ಮನೆಗಳಿಗೆ ಉಸಿರು ಕೊಟ್ಟಿವೆ. ಉಚಿತ ಬಸ್ಸಿನ ಲಾಭ ಮಾತ್ರ ಸರಕಾರಿ ಬಸ್ಸು ಓಡುವ ದಾರಿಯವರಿಗೆ. ಖಾಸಗಿ ಬಸ್ಸುಗಳದ್ದೇ ಕಾರುಬಾರಿರುವ ದಾರಿಗಳಲ್ಲಿ ಟಿಕೆಟಿಗೆ ದುಡ್ಡು ಕೊಡಲೇಬೇಕು.

ನಿರ್ಣಯ ಪುಸ್ತಕಕ್ಕೆ ಇನ್ನೊಂದು ಪುಟ ಸೇರಬೇಕು. ವರ್ಷಕ್ಕೊಮ್ಮೆ ಪ್ರತಿ ಮನೆಯ ಒಟ್ಟು ಸಾಲ ಏರಿದೆಯೋ ಇಳಿದಿದೆಯೋ ಎಂದು ಅಲ್ಲಿ ಬರೆಯಬೇಕು. ಸಂಘದ್ದು, ಸೊಸೈಟಿಯದ್ದು, ಅಡವಿಟ್ಟ ಬಂಗಾರದ್ದು, ಕೈಸಾಲ, ಮೊಬೈಲ್ ಬೈಕಿನ ಇಎಂಐ ಎಲ್ಲ ಸೇರಿಸಿ. ಇದು ಸುಲಭವಲ್ಲ. ಬಳೆ ಅಡವಿಟ್ಟ ಸಂಗತಿಯನ್ನು ಗಂಡನಿಗೇ ಹೇಳದ ಹೆಂಗಸು ಹತ್ತು ಜನರೆದುರು ಹೇಳುವುದಿಲ್ಲ. ಮೊತ್ತ ಹೇಳುವುದು ಬೇಡ, ಏರಿಕೆ ಇಳಿಕೆಯ ಗುರುತು ಸಾಕು. ಏರಿದ ಮನೆಯಿಂದ ಹೊಸ ಅರ್ಜಿ ಬಂದಾಗ ತಂಡ ಮೊದಲು ಎರಡು ವಿಷಯ ನೋಡಲಿ: ಈ ಕೆಲಸವನ್ನು ಆರು ಜನರ ಎರಡು ದಿನದ ದುಡಿಮೆಯಿಂದ ಮುಗಿಸಬಹುದೇ, ಮತ್ತು ಆ ಮನೆ ಕಟ್ಟುತ್ತಿರುವ ಅತಿ ದುಬಾರಿ ಬಡ್ಡಿಯ ಸಾಲವನ್ನು ಮುರಿಯಲು ಈ ಹಣ ಬಳಕೆಯಾಗುತ್ತದೆಯೇ. ಎರಡಕ್ಕೂ ಇಲ್ಲ ಎಂದಾದರೆ ಅರ್ಜಿ ಒಂದು ತಿಂಗಳು ಕಾಯಲಿ. ಮೂವತ್ತು ವರ್ಷದ ಹಿಂದೆ ಪರಸ್ಪರರ ಗದ್ದೆಗೆ ಇಳಿದ ತಂಡಗಳಿಗೆ ಇಷ್ಟು ಕೇಳುವ ಸಲುಗೆ ಇನ್ನೂ ಇದೆ.