ಸಾಂಕೇತಿಕ ಸ್ವಾಧೀನದ ಮನೆಗೆ ಸವಾಲು ಕೂಗುವ ಮೊದಲು

ಬ್ಯಾಂಕುಗಳ ಹರಾಜು ಪ್ರಕಟಣೆಯನ್ನು ಬಹಳ ಜನ ಓದುವುದೇ ಇಲ್ಲ. ಓದುವವರ ಕಣ್ಣೂ ನೇರವಾಗಿ ಎರಡು ಕಡೆ ಹೋಗುತ್ತದೆ: ಯಾವ ಬಡಾವಣೆ, ಮೀಸಲು ಬೆಲೆ ಎಷ್ಟು. ಅಕ್ಕಪಕ್ಕದ ಫ್ಲ್ಯಾಟು 75 ಲಕ್ಷಕ್ಕೆ ಹೋಗಿರುವಾಗ ಇದು 60 ಲಕ್ಷದಿಂದ ಶುರುವಾಗುತ್ತದೆ ಎಂದು ಕಂಡೊಡನೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ನಾನು ಮೊದಲು ಹುಡುಕುವುದು ಸ್ವಾಧೀನದ ಸಾಲನ್ನು. ಭೌತಿಕ ಸ್ವಾಧೀನ ಎಂದಿದ್ದರೆ ಮುಂದೆ ಓದುತ್ತೇನೆ. ಸಾಂಕೇತಿಕ ಸ್ವಾಧೀನ ಎಂದಿದ್ದರೆ, ಹರಾಜಿಗೆ ಹೊಸಬರಾದವರು ಪುಟ ತಿರುವಿ ಮುಂದೆ ಹೋಗಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾರಣ ಹೇಳುತ್ತೇನೆ. 2002ರ ಸರ್ಫೇಸಿ ಕಾಯ್ದೆಯಂತೆ ಸಾಲ ಕೆಟ್ಟ ಮೇಲೆ ಬ್ಯಾಂಕು ಸಾಲಗಾರನಿಗೆ 60 ದಿನಗಳ ನೋಟಿಸು ಕೊಡಬೇಕು. ಹಣ ಬಾರದಿದ್ದರೆ ಆಸ್ತಿಯ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಕಾಗದದ ಮೇಲೆ ಅಲ್ಲಿಗೆ ಮನೆ ಬ್ಯಾಂಕಿನ ವಶಕ್ಕೆ ಬಂತು; ಸಾಂಕೇತಿಕ ಸ್ವಾಧೀನ ಎಂದರೆ ಇದೇ. ಒಳಗೆ ಮಾತ್ರ ಅದೇ ಸಂಸಾರ ಅಡುಗೆ ಮಾಡುತ್ತಿರುತ್ತದೆ, ಅಥವಾ ಬಾಡಿಗೆದಾರ ಇರುತ್ತಾನೆ. ಅವರನ್ನು ತೆರವು ಮಾಡಿಸಲು ಬ್ಯಾಂಕು ಮ್ಯಾಜಿಸ್ಟ್ರೇಟರ ಅಥವಾ ಜಿಲ್ಲಾಧಿಕಾರಿಯ ಬಳಿ 14ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು. ಆದೇಶಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ, ಕಾರಣ ದಾಖಲಿಸಿದರೆ ಒಟ್ಟು 60 ದಿನ. ಆದೇಶ ಬಂದ ಮೇಲೆ ಅದು ಜಾರಿಯಾಗಬೇಕು, ಪೊಲೀಸರು ಸಿಗಬೇಕು. ಅಷ್ಟರಲ್ಲಿ ಸಾಲಗಾರ ಸಾಲ ವಸೂಲಾತಿ ನ್ಯಾಯಮಂಡಳಿಯಿಂದ, ಅಂದರೆ ಡಿಆರ್‌ಟಿಯಿಂದ, ತಡೆಯಾಜ್ಞೆ ತಂದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ. ಹರಾಜಿನ ಬೆಲೆ ಕಡಿಮೆ ಇರುವುದಕ್ಕೆ ಈ ಮುಗಿಯದ ಕೆಲಸವೇ ಮುಖ್ಯ ಕಾರಣ.

ಒಂದು ಲೆಕ್ಕ ಹಾಕಿ ನೋಡೋಣ. ಪೇಟೆಯಲ್ಲಿ 75 ಲಕ್ಷ ಬಾಳುವ ಬೆಂಗಳೂರಿನ ಫ್ಲ್ಯಾಟೊಂದು ನಿಮಗೆ 63 ಲಕ್ಷಕ್ಕೆ ನಿಂತಿತು ಎಂದುಕೊಳ್ಳಿ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಒಟ್ಟು ಶೇ 7.6, ಅಂದರೆ ಸುಮಾರು 4.8 ಲಕ್ಷ. ಅಪಾರ್ಟ್‌ಮೆಂಟ್ ಸಂಘಕ್ಕೆ ಹಳೆಯ ಮಾಲೀಕ ಉಳಿಸಿಹೋದ ಮೇಂಟೆನೆನ್ಸ್ 2 ಲಕ್ಷ, ಕಂದಾಯ ಮತ್ತು ಕರೆಂಟಿನ ಬಾಕಿ 1 ಲಕ್ಷ, ಮುಚ್ಚಿಬಿದ್ದ ಮನೆಯ ರಿಪೇರಿ 4 ಲಕ್ಷ ಎಂದಿಡಿ. ಅಲ್ಲಿಗೆ 74.8 ಲಕ್ಷ. ಅದೇ ಫ್ಲ್ಯಾಟನ್ನು ಪೇಟೆಯಲ್ಲಿ ಕೊಂಡಿದ್ದರೆ ನೋಂದಣಿ ಸೇರಿ ಸುಮಾರು 80.7 ಲಕ್ಷ ಬೀಳುತ್ತಿತ್ತು. ಹೊರಗೆ 12 ಲಕ್ಷದಷ್ಟು ಕಂಡ ಲಾಭ ನಿಜಕ್ಕೂ 6 ಲಕ್ಷದ ಒಳಗಿನದು. ಇನ್ನು ಕೀಲಿ ಸಿಗುವುದು ಒಂದು ವರ್ಷ ತಡವಾದರೆ? 63 ಲಕ್ಷಕ್ಕೆ ಶೇ 9ರಂತೆ ವರ್ಷದ ಬಡ್ಡಿ 5.67 ಲಕ್ಷ. ಒಂದೇ ವರ್ಷ ಕಾದದ್ದಕ್ಕೆ ಉಳಿತಾಯ ಬಹುತೇಕ ಪೂರ್ತಿ ಹೋಯಿತು. ಆ ವರ್ಷ ನೀವು ಇರುವ ಮನೆಗೆ ಕೊಟ್ಟ ಬಾಡಿಗೆಯನ್ನು ನಾನು ಇದರಲ್ಲಿ ಸೇರಿಸಿಲ್ಲ.

ಹಳೆಯ ಬಾಕಿ ತನಗೆ ಸಂಬಂಧಿಸಿದ್ದಲ್ಲ ಎಂದು ವಾದಿಸಬಹುದು ಎನ್ನುವ ನಂಬಿಕೆ ಕೆಲವರಿಗಿದೆ. ಆದರೆ ಪ್ರಕಟಣೆಯಲ್ಲಿ ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಎಂಬ ಷರತ್ತು ಇದ್ದೇ ಇರುತ್ತದೆ. ಅಂಥ ಷರತ್ತಿನ ಮೇಲೆ ಹರಾಜಾದ ಆಸ್ತಿಯ ಹಿಂದಿನ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕನಿಂದ ಕೇಳಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2023ರ ಕೆ.ಸಿ. ನಿನಾನ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕೂಗುವ ಮೊದಲೇ ಆರ್‌.ಆರ್. ನಂಬರು ಹಿಡಿದು ಬೆಸ್ಕಾಂನಲ್ಲಿ ವಿಚಾರಿಸಿ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಕಂಡು ಬಾಕಿಯ ಲೆಕ್ಕ ಕೇಳಿ. ಎಷ್ಟೋ ಸಲ ಬ್ಯಾಂಕಿನವರಿಗಿಂತ ಹೆಚ್ಚು ವಿಷಯ ಅವರಿಗೆ, ಗೇಟಿನ ವಾಚ್‌ಮನ್‌ಗೆ ಗೊತ್ತಿರುತ್ತದೆ.

ಹಣದ ವೇಳಾಪಟ್ಟಿ ಇನ್ನೂ ಕಠಿಣ. ಸಾಮಾನ್ಯವಾಗಿ ಮೀಸಲು ಬೆಲೆಯ ಶೇ 10ರಷ್ಟು ಮುಂಗಡ ಠೇವಣಿ, ಅಂದರೆ ಇಎಂಡಿ, ಕಟ್ಟಿದ ಮೇಲೆಯೇ ಆನ್‌ಲೈನ್ ಹರಾಜಿಗೆ ಪ್ರವೇಶ. ಗೆದ್ದರೆ ಅದೇ ದಿನ ಅಥವಾ ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ ಇಎಂಡಿ ಸೇರಿ ಶೇ 25 ಕಟ್ಟಬೇಕು. ಉಳಿದ ಮುಕ್ಕಾಲು ಪಾಲಿಗೆ ಮಾರಾಟ ಖಾಯಂ ಆದ ಮೇಲೆ 15 ದಿನ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಹೆಚ್ಚೆಂದರೆ ಮೂರು ತಿಂಗಳು. ಗೆದ್ದ ಮೇಲೆ ಹೋಮ್‌ಲೋನಿಗೆ ಅರ್ಜಿ ಹಾಕುತ್ತೇನೆ ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಷಣ್ಮುಗವೇಲು ಪ್ರಕರಣದಲ್ಲಿ 12.27 ಕೋಟಿಗೆ ಕೂಗಿದವರು ಉಳಿದ ಹಣವನ್ನು ಗಡುವಿನೊಳಗೆ ಕಟ್ಟಲಿಲ್ಲ. ಅವರು ಕಟ್ಟಿದ್ದ ಶೇ 25, ಅಂದರೆ ಮೂರು ಕೋಟಿಗೂ ಮಿಕ್ಕಿದ ಹಣವನ್ನು, ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದಿತು ಕೋರ್ಟು. ಸಾಲ ಬೇಕಿದ್ದರೆ ಮಂಜೂರಾತಿ ಪತ್ರ ಕೈಯಲ್ಲಿ ಹಿಡಿದೇ ಹರಾಜಿಗೆ ಇಳಿಯಿರಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ನಿಮ್ಮದೇ. ಯಾರ ಪ್ಯಾನ್ ನಮೂದಿಸಬೇಕು ಎಂಬುದನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಯಿಂದ ಮೊದಲೇ ಬರೆಸಿಕೊಳ್ಳಿ.

ಕಾಗದಪತ್ರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಬ್ಯಾಂಕು ಸಾಲ ಕೊಟ್ಟಿದೆ ಎಂದ ಮೇಲೆ ಆಸ್ತಿ ಚೊಕ್ಕವಾಗಿಯೇ ಇರಬೇಕು ಎನ್ನುವುದು. ಹಾಗೇನಿಲ್ಲ. ಕಾವೇರಿ ಪೋರ್ಟಲಿನಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. ಅದೇ ಆಸ್ತಿ ಬೇರೆ ಕಡೆಯೂ ಅಡಮಾನವಾಗಿದೆಯೇ ಎಂದು ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್‌ನಲ್ಲಿ ಹುಡುಕಿ. ಸಾಲಗಾರನ ಹೆಸರಿನಲ್ಲಿ ದಾವೆ ಇದೆಯೇ ಎಂಬುದನ್ನು ಡಿಆರ್‌ಟಿ ಜಾಲತಾಣದಲ್ಲಿ ನೋಡಿ. ಇಷ್ಟಕ್ಕೆ ಖರ್ಚಾಗುವುದು ಅಲ್ಪ ಹಣ, ಒಂದೆರಡು ಸಂಜೆ. ಸೈಟುಗಳ ವಿಚಾರದಲ್ಲಿ ಮಾತ್ರ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಊರಂಚಿನಲ್ಲಿ ಭೂಪರಿವರ್ತನೆಯಾಗದೆ ಎದ್ದ ರೆವಿನ್ಯೂ ಬಡಾವಣೆಯ ಸೈಟು ಹರಾಜಿಗೆ ಬಂದರೆ, ನಾಳೆ ಸಾಲಗಾರ ಇದು ಕೃಷಿ ಭೂಮಿ ಎಂದೇ ವಾದ ಹೂಡಬಹುದು. ಪರಿವರ್ತನೆಯ ಆದೇಶ ಕಣ್ಣಾರೆ ನೋಡಿ. ಪ್ರಕಟಣೆಯಲ್ಲಿರುವ ಚಕ್ಕುಬಂದಿಯನ್ನು ಜಾಗದ ಮೇಲೆ ನಿಂತು ತಾಳೆಮಾಡಿ. ಪೂರ್ವಕ್ಕೆ ರಸ್ತೆ ಎಂದು ಬರೆದ ಕಡೆ ಬೇರೆಯವರ ಗೋಡೆ ಇದ್ದರೆ, ಉತ್ತರ ಸಿಗುವ ತನಕ ದುಡ್ಡು ಬಿಚ್ಚಬೇಡಿ.

ಕೊಳ್ಳುವವನ ಪರವಾಗಿಯೂ ಕಾನೂನು ಗಟ್ಟಿಯಾಗಿದೆ. ಮೊದಲೆಲ್ಲ ಹರಾಜು ಮುಗಿದ ಮೇಲೂ ಸಾಲಗಾರ ಪೂರ್ತಿ ಬಾಕಿ ತಂದುಕೊಟ್ಟು ಆಸ್ತಿ ಬಿಡಿಸಿಕೊಂಡಾನು ಎಂಬ ಅಳುಕು ಇತ್ತು. 2016ರ ತಿದ್ದುಪಡಿಯ ನಂತರ ಹರಾಜು ಪ್ರಕಟಣೆ ಹೊರಬಿದ್ದೊಡನೆ ಆ ಹಕ್ಕು ಮುಗಿಯುತ್ತದೆ ಎಂದು 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ 105 ಕೋಟಿಗೆ ಹರಾಜಾದ ಮೇಲೆ ಸಾಲಗಾರ 129 ಕೋಟಿ ಕೊಡಲು ಮುಂದೆ ಬಂದಿದ್ದ, ಬ್ಯಾಂಕೂ ಒಪ್ಪಿತ್ತು. ಆದರೂ ಆಸ್ತಿ ಹರಾಜಿನಲ್ಲಿ ಕೊಂಡವರಿಗೇ ಸೇರಿತು. ಪ್ರಕಟಣೆ, ನೋಟಿಸುಗಳಲ್ಲಿ ಬ್ಯಾಂಕು ತಪ್ಪಿದ್ದರೆ ಹರಾಜೇ ರದ್ದಾಗುವ ದಾರಿ ಈಗಲೂ ತೆರೆದಿದೆ. ಮೊದಲ ಹರಾಜಿಗೆ 30 ದಿನಗಳ ನೋಟಿಸು ಬೇಕು, ಅದು ವಿಫಲವಾಗಿ ಮತ್ತೆ ಕರೆದಾಗ 15 ದಿನ ಸಾಕು. ಈ ದಿನಗಳನ್ನು ನೀವೇ ಎಣಿಸಿ ನೋಡಿ.

ಕಲಿಯಲು ಒಳ್ಳೆಯ ದಾರಿ ಎಂದರೆ ದುಡ್ಡು ಹಾಕದೆ ಒಂದೇ ಬಡಾವಣೆಯ ಪ್ರಕಟಣೆಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸುವುದು. ಸರ್ಕಾರಿ ಬ್ಯಾಂಕುಗಳ ಹರಾಜು ಆಸ್ತಿಗಳು ಈಗ ಬ್ಯಾಂಕ್‌ನೆಟ್ ಪೋರ್ಟಲಿನಲ್ಲಿ ಒಂದೆಡೆ ಸಿಗುತ್ತವೆ. ಯಾವುದು ಮೊದಲ ಸಲಕ್ಕೇ ಹೋಯಿತು, ಯಾವುದು ಬೆಲೆ ಇಳಿಸಿಕೊಂಡು ಮತ್ತೆ ಬಂತು ಎಂದು ಗುರುತು ಹಾಕಿಕೊಳ್ಳಿ. ಮೂರನೆಯ ಸಲ ಬಂದ ಆಸ್ತಿಯ ಮುಂದೆ ಹೋಗಿ ನಿಂತರೆ, ಹಿಂದಿನ ಎರಡು ಸಲ ಯಾರೂ ಯಾಕೆ ಕೂಗಲಿಲ್ಲ ಎಂಬುದು ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ.

ಮನೆಯೊಳಗೆ ಇರುವವರ ಬಗ್ಗೆಯೂ ಹೇಳಲೇಬೇಕು. ಹರಾಜಿನ ಹಣದಲ್ಲಿ ಸಾಲ, ಬಡ್ಡಿ, ಖರ್ಚು ಕಳೆದು ಮಿಕ್ಕದ್ದು ಮಾಲೀಕನಿಗೆ ಹೋಗಬೇಕು ಎನ್ನುತ್ತದೆ ಕಾನೂನು. ಒಳ್ಳೆಯ ಬೆಲೆಗೆ ಹೋದರೆ ಆ ಸಂಸಾರಕ್ಕೂ ನಾಲ್ಕು ಕಾಸು ಉಳಿದೀತು. ನೋಡಲು ಹೋದಾಗ ಬ್ಯಾಂಕಿನವರ ಜೊತೆ, ಅವರು ಗೊತ್ತುಮಾಡಿದ ದಿನವೇ ಹೋಗಿ. ದಲ್ಲಾಳಿಯನ್ನು ಕಟ್ಟಿಕೊಂಡು ಹೋಗಿ ಬಾಗಿಲು ಬಡಿದು ಹೆದರಿಸುವುದು ನೀಚ ಕೆಲಸ.

ಇಷ್ಟೆಲ್ಲ ಕೇಳಿ ಹಿಂಜರಿಕೆಯಾದರೆ, ಬಿಡಿಎ ಅಥವಾ ಗೃಹ ಮಂಡಳಿ ತಾನೇ ರಚಿಸಿದ ಬಡಾವಣೆಯ ಮೂಲೆ ಸೈಟುಗಳನ್ನು ಹರಾಜು ಹಾಕುವಾಗ ಮೊದಲ ಸಲ ಕೂಗಿ ನೋಡಿ. ಅಲ್ಲಿ ತೆರವು ಮಾಡಿಸಬೇಕಾದ ಸಾಲಗಾರ ಇರುವುದಿಲ್ಲ, ಡಿಆರ್‌ಟಿಯ ಭಯವೂ ಇಲ್ಲ. ಆದರೆ ಪೈಪೋಟಿ ಹೆಚ್ಚು, ಅಗ್ಗಕ್ಕೆ ಸಿಗುವುದು ಅಪರೂಪ. ನಿಮ್ಮ ಮಿತಿಯನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದು ಮನೆಯವರ ಕೈಗೆ ಕೊಟ್ಟಿರಿ. ಬೆಲೆ ಆ ಅಂಕಿಯನ್ನು ದಾಟಿದೊಡನೆ ಕಂಪ್ಯೂಟರ್ ಮುಚ್ಚಿಸುವ ಅಧಿಕಾರ ಅವರಿಗಿರಲಿ.