ಗೋಲವೆಂಬ ಕಲ್ಪನೆಯ ಮೇರೆ

ಪುತ್ತೂರು ಸುಳ್ಯಗಳ ರಬ್ಬರ್ ತೋಟಗಳಲ್ಲಿ ಶೀಟು ಒಣಗಿಸುವ ಹೊಗೆಮನೆಯ ಮಾಡಿನಿಂದೇಳುವ ಹೊಗೆಯು, ಹಿಂದುಗಡೆ ಕಾಡಿನ ಕಪ್ಪು ಇರುವಷ್ಟು ಹೊತ್ತು ನಸುನೀಲಿಯಾಗಿಯೂ, ಮೇಲೇರಿ ಬೆಳ್ಳನೆಯ ಬಾನಿಗೆ ಅಡ್ಡವಾದೊಡನೆ ಕಂದುಹಳದಿಯಾಗಿಯೂ ತೋರುವುದು. ಮೊದಲು ಕಂಡುದು ಕಣಗಳು ಚದರಿಸಿದ ಬೆಳಕು. ಅನಂತರ ಕಂಡುದು ಚದರಿ ಉಳಿದ ಬೆಳಕು. ತರಂಗಾಂತರಕ್ಕಿಂತ ಬಹಳ ಕಿರಿದಾದ ಕಣಗಳಲ್ಲಿ ಚದರಿಕೆಯು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವೆಂದು, ಮುಂದೆ ಲಾರ್ಡ್ ರ್ಯಾಲೆಯೆಂದು ಪ್ರಸಿದ್ಧನಾದ ವಿಜ್ಞಾನಿಯು 1871ರಲ್ಲಿ ತೋರಿಸಿಕೊಟ್ಟಂದಿನಿಂದ ಈ ನೀಲಿಯ ಕಾರಣ ನಿಗೂಢವಾಗಿ ಉಳಿದಿಲ್ಲ.

ಕಣವು ತರಂಗಾಂತರದಷ್ಟೇ ಬೆಳೆದರೆ ಆ ಸೂತ್ರವು ಸಾಲದು. ಚಿನ್ನದ ಕಲಿಲದ್ರವಗಳ ಬಣ್ಣಗಳನ್ನು ವಿವರಿಸಲು ಹೊರಟ ಗುಸ್ತಾಫ್ ಮೀ, 1908ರಲ್ಲಿ, ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಗೋಲವೊಂದಕ್ಕೆ ಅನ್ವಯಿಸಿ, ಅದರ ಗಾತ್ರ ಎಷ್ಟೇ ಇರಲಿ ಸಲ್ಲುವ ಪರಿಹಾರವನ್ನು ಕೊಟ್ಟನು. ಕಡಬ ಸೀಮೆಯ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನೇರುವವನನ್ನು ಆವರಿಸುವ ಮಂಜಿನ ಹನಿಗಳು ತಮ್ಮ ಮೇಲ್ಮೈಯ ಸೆಳೆತದಿಂದಲೇ ದುಂಡಗಿರುವುದರಿಂದ, ಅಲ್ಲಿ ಮೀಯ ಗಣಿತವು ಬಿಳುಪಿನ ಕಾರಣವನ್ನು ಕೊರತೆಯಿಲ್ಲದೆ ಹೇಳಬಲ್ಲುದು. ಅಂತಹ ಪೂರ್ಣತೆಯನ್ನು ಮೆಚ್ಚದವನು ಭೌತಶಾಸ್ತ್ರದ ರಸಿಕನಲ್ಲ.

ಆದರೆ ಈ ಪೂರ್ಣತೆಯ ಮೋಹದಿಂದ ಒಂದು ದುರಭ್ಯಾಸವೂ ಹುಟ್ಟಿತು. ಗೋಲಕ್ಕೆ ಉತ್ತರವಿದೆಯೆಂಬ ಒಂದೇ ಕಾರಣದಿಂದ, ಯಾವ ಕಣವನ್ನೇ ಆಗಲಿ ಸಮಗಾತ್ರದ ಗೋಲವೆಂದು ಬಗೆದು ಲೆಕ್ಕಕ್ಕೆ ತೊಡಗುವುದು ರೂಢಿಯಾಯಿತು. ಬಲಿತ ಮರದ ರಬ್ಬರ್ ಹಾಲಿನಲ್ಲಿ ಪೇರ್ ಹಣ್ಣಿನ ಆಕಾರದ ಕಣಗಳೂ ಉಂಟು. ಅಲ್ಲದೆ ಆ ಹಾಲಿನ ದಟ್ಟಣೆಯಲ್ಲಿ ಬೆಳಕು ಕಣದಿಂದ ಕಣಕ್ಕೆ ಮತ್ತೆ ಮತ್ತೆ ಚದರುವುದರಿಂದ, ಒಂಟಿ ಕಣದ ಗಣಿತವಷ್ಟರಿಂದಲೇ ಅದರ ಬಿಳುಪನ್ನು ಅಳೆಯಲಾಗದು. ಜ್ವಾಲೆಯಿಂದೇಳುವ ಮಸಿಯಂತೂ ಅತಿಸೂಕ್ಷ್ಮವಾದ ಉಂಡೆಗಳು ಕವಲುಕವಲಾಗಿ ಕೂಡಿಕೊಂಡ ಸರಪಳಿ. ಮುಂದಕ್ಕೆ ಚದರುವ ಬೆಳಕಿನ ಮಟ್ಟಿಗೆ ಗೋಲದ ಕಲ್ಪನೆಯು ಹೇಗೋ ನಿರ್ವಹಿಸುವುದು. ಪಕ್ಕಕ್ಕೂ ಹಿಂದಕ್ಕೂ ಚದರುವ ಬೆಳಕಿನಲ್ಲಿ, ವಿಶೇಷತಃ ಅದರ ಧ್ರುವೀಕರಣದಲ್ಲಿ, ಅದು ಕೈಕೊಡುವುದು.

ಇಲ್ಲಿಯೇ ಬೆಂಗಳೂರಿನ ಆರ್. ಎಸ್. ಕೃಷ್ಣನ್ ಅವರ ಕೆಲಸದ ಹಿರಿಮೆ ಕಾಣುವುದು. 1930ರ ದಶಕದ ಉತ್ತರಾರ್ಧದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಬಳಿ ಕಲಿಲದ್ರವಗಳನ್ನು ಪರೀಕ್ಷಿಸುತ್ತ ಅವರು ಕಂಡುದಿಷ್ಟು: ಲಂಬವಾಗಿ ಧ್ರುವಿತವಾದ ಬೆಳಕನ್ನು ಹಾಯಿಸಿದಾಗ ಪಕ್ಕಕ್ಕೆ ಚದರಿದ ಬೆಳಕಿನ ಅಡ್ಡ ಅಂಶವೂ, ಅಡ್ಡವಾಗಿ ಧ್ರುವಿತವಾದುದನ್ನು ಹಾಯಿಸಿದಾಗ ಚದರಿದುದರ ಲಂಬ ಅಂಶವೂ ಪರಸ್ಪರ ಸಮ. ಕಣಗಳು ಎತ್ತೆತ್ತಲೋ ತಿರುಗಿಕೊಂಡಿದ್ದರೆ ಸಾಕು, ಅವುಗಳ ಗಾತ್ರವೇನು ಆಕಾರವೇನು ಎಂಬುದನ್ನು ಈ ಪಾರಸ್ಪರ್ಯ ನಿಯಮವು ಕೇಳುವುದೇ ಇಲ್ಲ. ಒಂಟಿ ಗೋಲದಲ್ಲಿಯಾದರೋ ಈ ಎರಡು ಅಂಶಗಳೂ ಶೂನ್ಯ. ಎಂದರೆ ಮೀಯ ಮಾದರಿಯು ಎಲ್ಲಿ ಮೂಕವೋ ಅಲ್ಲಿಯೇ ಕೃಷ್ಣನ್ ನಿಯಮವನ್ನು ಕೇಳಿಸಿಕೊಂಡರು. 1942ರಲ್ಲಿ ಫ್ರಾನ್ಸಿಸ್ ಪೆರಿನ್ ಇಂತಹ ಸಂಬಂಧಗಳಿಗೆ ವ್ಯಾಪಕವಾದ ಸೈದ್ಧಾಂತಿಕ ನೆಲೆಯನ್ನು ಒದಗಿಸಿದನು. ನಮ್ಮ ಪಠ್ಯಪುಸ್ತಕಗಳು ರಾಮನ್ ಪರಿಣಾಮವನ್ನು ಕೊಂಡಾಡಿ ಈ ನಿಯಮವನ್ನು ಮರೆಯುವುದು ನನಗೆ ಸಹನೀಯವೆನಿಸದು.

ಕೃಷ್ಣನ್ನರ ನಿಯಮಕ್ಕೂ ಮಿತಿಯುಂಟು: ಅದು ಸಂಬಂಧವನ್ನು ಹೇಳುವುದೇ ಹೊರತು, ಹೊಗೆಯು ಎಷ್ಟು ನೀಲಿಯೆಂದು ಎಣಿಸಿಕೊಡದು. ಆ ಎಣಿಕೆಗೆ 1973ರಲ್ಲಿ ಪರ್ಸೆಲ್ ಮತ್ತು ಪೆನಿಪ್ಯಾಕರ್ ಹಾಕಿಕೊಟ್ಟ, ವಕ್ರಾಕಾರದ ಕಣವನ್ನು ನೂರಾರು ದ್ವಿಧ್ರುವಗಳ ಜಾಲವನ್ನಾಗಿ ಒಡೆದು ಕಂಪ್ಯೂಟರಿನಲ್ಲಿ ಗಣಿಸುವ ಕ್ರಮವೇ ಹೆಚ್ಚು ಯೋಗ್ಯವಾದುದು. ಶ್ರಮ ಬಹಳ, ಆದರೂ ಅದರ ಫಲವನ್ನು ಎಲ್ಲ ದಿಕ್ಕುಗಳಿಗೂ ಸರಾಸರಿ ಮಾಡಿ, ಆ ಎರಡು ಅಂಶಗಳು ಸರಿದೂಗುವುವೋ ಎಂದು ನೋಡಬಹುದು. ದೂಗದಿದ್ದರೆ ತಪ್ಪು ಗಣನೆಯಲ್ಲಿರುವುದು.