ಧಾರಾವಾಹಿಯಲ್ಲಿ ವಿರಾಮದ ಸ್ಥಾನ

ಕಾವ್ಯದ ವಿಭಾಗಗಳಿಗೆ ನಮ್ಮ ಪೂರ್ವಿಕರು ಇಟ್ಟಿರುವ ಹೆಸರುಗಳು ವಿಚಾರಾರ್ಹವಾಗಿವೆ. ಬಾಣನು ಹರ್ಷಚರಿತವನ್ನು ಎಂಟು ಉಚ್ಛ್ವಾಸಗಳಾಗಿ ರಚಿಸಿದನು. ಪಂಪನು ವಿಕ್ರಮಾರ್ಜುನವಿಜಯವನ್ನು ಹದಿನಾಲ್ಕು ಆಶ್ವಾಸಗಳಾಗಿ ವಿಂಗಡಿಸಿದನು. ಕುಮಾರವ್ಯಾಸ ಲಕ್ಷ್ಮೀಶರು ತಮ್ಮ ಕಾವ್ಯಗಳನ್ನು ಸಂಧಿಗಳಾಗಿ ಹೆಣೆದರು. ಮೊದಲಿನ ಎರಡು ಶಬ್ದಗಳೂ ಉಸಿರಿಗೆ ಸಂಬಂಧಿಸಿದವು. ಮೂರನೆಯದು ಬೆಸುಗೆಯನ್ನು ಹೇಳತಕ್ಕದ್ದು. ಕಥೆ ನಿಲ್ಲುವ ಸ್ಥಳಕ್ಕೆ ಛೇದವೆಂದಾಗಲಿ ಭಂಗವೆಂದಾಗಲಿ ಹೆಸರಿಡದೆ ಉಸಿರೆಂದೂ ಬೆಸುಗೆಯೆಂದೂ ಕರೆದುದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ನಿಲುಗಡೆಯೂ ಕಾವ್ಯದ ಅಂಗವೇ ಎಂಬ ಅಭಿಪ್ರಾಯವು ಈ ಹೆಸರುಗಳಲ್ಲಿ ಅಡಗಿರಬಹುದು. ಈ ಅಭಿಪ್ರಾಯವನ್ನು ನಮ್ಮ ಕಾಲದ ಒಂದು ದೃಶ್ಯಪ್ರಕಾರಕ್ಕೆ, ಎಂದರೆ ದೂರದರ್ಶನದ ಧಾರಾವಾಹಿಗೆ, ಅನ್ವಯಿಸಿ ನೋಡುವುದೇ ಈ ಲೇಖನದ ಉದ್ದೇಶವು.

ವಿಷಯದ ಸ್ವರೂಪವನ್ನು ಮೊದಲು ನಿರೂಪಿಸುತ್ತೇನೆ. ರಾಮಾನಂದ ಸಾಗರರ ‘ರಾಮಾಯಣ’ವು 1987ರ ಜನವರಿ 25ರಿಂದ 1988ರ ಜುಲೈ 31ರ ವರೆಗೆ ಭಾನುವಾರ ಭಾನುವಾರ ಬೆಳಿಗ್ಗೆ 78 ಕಂತುಗಳಲ್ಲಿ ಪ್ರಸಾರವಾಯಿತು. ಅದರ ಹಿಂದೆಯೇ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವು 1988ರ ಅಕ್ಟೋಬರ್ 2ರಂದು ಆರಂಭವಾಗಿ 94 ಕಂತುಗಳಲ್ಲಿ ನಡೆದು 1990ರ ಜೂನ್ 24ರಂದು ಮುಗಿಯಿತು. ಅನಂತರ ಇಂಥ ಕೃತಿಗಳೆಲ್ಲ ಡಿ.ವಿ.ಡಿ. ತಟ್ಟೆಗಳ ಕಟ್ಟುಗಳಾಗಿ ಅಂಗಡಿಗೆ ಬಂದವು. ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಇಪ್ಪತ್ತೊಂದು ತಿಂಗಳು ಕಾದು ನೋಡಿದುದನ್ನು ಇಂದು ಒಂಬತ್ತೇ ದಿನಗಳಲ್ಲಿ ನೋಡಿ ಮುಗಿಸಬಹುದು. ವಾರಕ್ಕೊಮ್ಮೆ ಅಂತರವಿಟ್ಟು ನೋಡುವುದನ್ನು ಸಾಂತರದರ್ಶನವೆಂದೂ, ತಟ್ಟೆಯನ್ನು ಹಾಕಿ ಒಂದೇ ಸಮನೆ ನೋಡುವುದನ್ನು ನಿರಂತರದರ್ಶನವೆಂದೂ ಇಲ್ಲಿ ಕರೆಯುತ್ತೇನೆ. ಇವೆರಡರಲ್ಲಿ ರಸಾನುಭವಕ್ಕೆ ಯಾವುದು ಅನುಕೂಲವಾದುದು ಎಂಬುದೇ ಪ್ರಶ್ನೆ.

ನಿರಂತರದರ್ಶನವೇ ಶ್ರೇಷ್ಠವೆನ್ನುವವರ ವಾದವನ್ನು ಮೊದಲು ಕೇಳೋಣ. ಕಾವ್ಯವು ಒಂದು ಅಖಂಡ ವಸ್ತು. ಅದನ್ನು ಏಳೇಳು ದಿನಕ್ಕೆ ತುಂಡರಿಸಿದರೆ ರಸವು ಆರಿಹೋಗುತ್ತದೆ ಎಂಬುದು ಮೊದಲನೆಯ ಮಾತು. ಗ್ರಂಥವನ್ನು ಓದುವವನು ತನ್ನ ಇಷ್ಟದಂತೆ ಓದುತ್ತಾನೆ. ನೋಡುವವನಿಗೆ ಮಾತ್ರ ಈ ನಿರ್ಬಂಧವೇಕೆ ಎಂಬುದು ಎರಡನೆಯದು. ವಾರದ ಅಂತರವನ್ನು ವಿಧಿಸಿದವರು ಪ್ರಸಾರಕರೇ ಹೊರತು ಕವಿಯಲ್ಲ. ಆದುದರಿಂದ ಅದು ಕೃತಿಗೆ ಬಾಹ್ಯವಾದುದೆಂಬುದು ಮೂರನೆಯದು. ವಿದ್ಯುತ್ತು ಹೋದ ದಿನ, ಊರಿಗೆ ಹೋದ ದಿನ, ಮನೆಯಲ್ಲಿ ಕಾಯಿಲೆಯಾದ ದಿನ ತಪ್ಪಿದ ಕಂತು ತಪ್ಪಿಯೇ ಹೋಗುತ್ತಿತ್ತು. ತಟ್ಟೆಯಲ್ಲಿ ಯಾವುದೂ ತಪ್ಪುವುದಿಲ್ಲವೆಂಬುದು ನಾಲ್ಕನೆಯದು.

ಇವುಗಳಲ್ಲಿ ನಾಲ್ಕನೆಯದನ್ನು ಯಾವ ಆಕ್ಷೇಪವೂ ಇಲ್ಲದೆ ಒಪ್ಪುತ್ತೇನೆ. ಆ ದಿನಗಳಲ್ಲಿ ದೂರದರ್ಶನದ ಪೆಟ್ಟಿಗೆಯಿದ್ದ ಮನೆಗಳೇ ವಿರಳವಾಗಿದ್ದುವು. ಯಲಹಂಕದ ನಮ್ಮ ವಠಾರಕ್ಕೆಲ್ಲ ಇದ್ದುದು ಒಂದೇ. ಮಳೆಗಾಲದಲ್ಲಿ ಚಿತ್ರಕ್ಕಿಂತ ಚುಕ್ಕೆಗಳೇ ಹೆಚ್ಚಾಗಿ ಕಾಣುತ್ತಿದ್ದುವು. ನೋಡಲಾಗದೆ ಹೋದವರಿಗೆ ತಟ್ಟೆಯು ಮಹೋಪಕಾರವನ್ನು ಮಾಡಿದೆ. ಉಳಿದ ಮೂರು ವಾದಗಳು ಮಾತ್ರ ಪರೀಕ್ಷೆಯನ್ನು ಅಪೇಕ್ಷಿಸುತ್ತವೆ.

ಸಾಂತರದರ್ಶನವನ್ನು ಹೊಗಳುವವರೂ ಸಾಮಾನ್ಯವಾಗಿ ಹೇಳುವುದು ಕುತೂಹಲದ ಮಾತನ್ನೇ. ಮುಂದೇನಾಗುವುದೋ ಎಂಬ ತವಕವೇ ವಾರದ ಫಲವೆಂದು ಅವರ ಮತ. ಇದು ನನಗೆ ಒಪ್ಪಿಗೆಯಾಗದು. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದುದು ರಾಮನು ರಾವಣನನ್ನು ಗೆಲ್ಲುವನೋ ಇಲ್ಲವೋ ಎಂಬ ಸಂದೇಹದಿಂದಲ್ಲ. ಕಥೆಯು ಎಲ್ಲರಿಗೂ ಗೊತ್ತಿತ್ತು. ನಮ್ಮ ಷಟ್ಪದೀಕವಿಗಳು ಸಂಧಿಯ ತಲೆಯಲ್ಲಿಯೇ ಸೂಚನೆಯ ಪದ್ಯವನ್ನಿಟ್ಟು, ಆ ಸಂಧಿಯಲ್ಲಿ ನಡೆಯತಕ್ಕುದನ್ನು ಮುಂಚಿತವಾಗಿ ಹೇಳಿಬಿಡುತ್ತಾರೆ. ಹೀಗೆ ಹೇಳಿಬಿಟ್ಟರೂ ಗಮಕಿಯ ಸುತ್ತ ಕುಳಿತವರು ಎದ್ದುಹೋಗುತ್ತಿರಲಿಲ್ಲ. ಮರುದಿನ ರಾತ್ರಿಯೂ ಬರುತ್ತಿದ್ದರು. ಕುತೂಹಲವೇ ವಿರಾಮದ ಜೀವವಾಗಿದ್ದರೆ ಸೂಚನೆಯ ಪದ್ಯವು ಕವಿಗೆ ಶತ್ರುವಾಗಬೇಕಾಗಿತ್ತು. ಹಾಗಾದರೆ ವಿರಾಮದಲ್ಲಿ ನಡೆಯುವುದೇನು?

ಇದಕ್ಕೆ ಉತ್ತರವಾಗಿ ಸ್ವಾನುಭವವೊಂದನ್ನು ನಿವೇದಿಸಲು ಅಪ್ಪಣೆಯನ್ನು ಬೇಡುತ್ತೇನೆ. ‘ಮಹಾಭಾರತ’ವು ಪ್ರಸಾರವಾಗುತ್ತಿದ್ದಾಗ ನಾನು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದೆನು. ವಠಾರದ ಹಿರಿಯರಿಗೆ ಹಿಂದಿ ತಿಳಿಯದು. ಭಾನುವಾರ ಅವರು ನೋಡುತ್ತಿದ್ದರು. ಮಿಕ್ಕ ಆರು ದಿನ ಅದನ್ನು ಕನ್ನಡದಲ್ಲಿ ಕೇಳುತ್ತಿದ್ದರು. ದ್ಯೂತಪ್ರಸಂಗವು ಹಲವು ವಾರಗಳಿಗೆ ಹರಡಿತ್ತು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವುಂಟೇ ಎಂಬ ದ್ರೌಪದಿಯ ಪ್ರಶ್ನೆಯು ಆ ವಾರಗಳಲ್ಲಿ ನಮ್ಮ ಜಗಲಿಯ ಮೇಲೆ ಕುಳಿತುಬಿಟ್ಟಿತು. ನಮ್ಮ ಗುರುಗಳು ವ್ಯಾಸಭಾರತದ ಸಭಾಪರ್ವವನ್ನು ತೆಗೆದು, ಭೀಷ್ಮನು ಧರ್ಮದ ಸೂಕ್ಷ್ಮತೆಯನ್ನು ಹೇಳಿ ನಿರ್ಣಯವನ್ನು ಕೊಡದೆ ಹಿಂಜರಿದುದನ್ನು ವಿವರಿಸಿದರು. ಪಕ್ಕದ ಮನೆಯ ಅಜ್ಜಿಯೊಬ್ಬರು, “ಶಾಸ್ತ್ರ ಬಲ್ಲ ಮುದುಕರೆಲ್ಲ ತಲೆ ತಗ್ಗಿಸಿ ಕೂತರಲ್ಲ ಸ್ವಾಮಿ, ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಯಾರು ಕೊಟ್ಟರು?” ಎಂದು ಕೇಳಿದರು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೂ ಕೊಡಲಿಲ್ಲ ತಾಯಿ” ಎಂದರು. ಆ ಪ್ರಶ್ನೆಯ ಭಾರವನ್ನು ನಾನು ಮೊದಲು ಅರಿತುದು ಪರದೆಯ ಮುಂದೆ ಅಲ್ಲ, ಆ ಮೌನದಲ್ಲಿ.

ಶ್ರವಣ, ಮನನ, ನಿದಿಧ್ಯಾಸನವೆಂಬ ಮೂರು ಮೆಟ್ಟಿಲುಗಳು ವೇದಾಂತಿಗಳಿಗೆ ಪ್ರಸಿದ್ಧವಾದುವು. ಕಾವ್ಯಾನುಭವವನ್ನು ಬ್ರಹ್ಮಾನುಭವದೊಡನೆ ಸಮೀಕರಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಆದರೂ ಕೇಳಿದುದು ಮನಸ್ಸಿನಲ್ಲಿ ಇಳಿಯಲು ಅವಕಾಶ ಬೇಕೆಂಬುದು ಎರಡು ಕಡೆಯಲ್ಲಿಯೂ ಸಮಾನವು. ಭಾನುವಾರವು ಶ್ರವಣವಾದರೆ ಆರು ದಿನಗಳು ಮನನವು. ಹಿಂದಿಯ ಧಾರಾವಾಹಿಯೊಂದು ನಮ್ಮ ವಠಾರದಲ್ಲಿ ಕನ್ನಡದ ವಸ್ತುವಾದುದು ಆ ಆರು ದಿನಗಳಲ್ಲಿಯೇ.

ಮೊನ್ನೆಯ ನವರಾತ್ರಿಯಲ್ಲಿ ಬಂಧುಗಳ ಮನೆಯಲ್ಲಿ ಇದೇ ಕೃತಿಯನ್ನು ತಟ್ಟೆಗಳಿಂದ ದಿನಕ್ಕೆ ಹತ್ತು ಹನ್ನೊಂದು ಕಂತುಗಳಂತೆ ನೋಡಿ ಮುಗಿಸಿದೆವು. ಮೊದಲ ಸಲ ಗಮನಕ್ಕೆ ಬಾರದ ಅನೇಕ ಗುಣಗಳು ಕಂಡವು. ಪಾತ್ರಗಳ ಪೂರ್ವಾಪರಸಂಬಂಧವು ಸ್ಪಷ್ಟವಾಯಿತು. ಆದರೆ ದ್ರೌಪದಿಯ ಪ್ರಶ್ನೆ ಬಂದಿತು, ಹೋಯಿತು. ಅದು ಕಿವಿಯಿಂದ ಮನಸ್ಸಿಗೆ ಇಳಿಯುವಷ್ಟರಲ್ಲಿ ವನವಾಸವು ಮೊದಲಾಗಿತ್ತು. ಜೊತೆಯಲ್ಲಿ ನೋಡುತ್ತಿದ್ದ ಕಾಲೇಜಿನ ಹುಡುಗನು ಹತ್ತನೆಯ ದಿನ ಯುದ್ಧದ ವ್ಯೂಹಗಳನ್ನೆಲ್ಲ ಕ್ರಮವಾಗಿ ಹೇಳಿದನು. ಆ ಪ್ರಶ್ನೆಯನ್ನು ಮಾತ್ರ ಮರೆತಿದ್ದನು. ಅವನ ಬುದ್ಧಿಯಲ್ಲಿ ಲೋಪವಿರಲಿಲ್ಲ. ಅದನ್ನು ನೆನಪಿಡಲು ಅವನಿಗೆ ಹೊತ್ತೇ ದೊರೆತಿರಲಿಲ್ಲ.

ಇಷ್ಟರಿಂದ ಎರಡನೆಯ ವಾದಕ್ಕೂ ಸಮಾಧಾನವಾಯಿತು. ಓದುಗನು ಪುಸ್ತಕವನ್ನು ತೊಡೆಯ ಮೇಲಿಟ್ಟು ಯೋಚಿಸುತ್ತಾನೆ. ಪುಟವು ಅವನಿಗಾಗಿ ಕಾಯುತ್ತದೆ. ಮುಂದಿನ ಕಂತನ್ನು ತಾನಾಗಿಯೇ ಆರಂಭಿಸುವ ಈಗಿನ ಯಂತ್ರವು ಹಾಗೆ ಕಾಯುವುದಿಲ್ಲ. ಸ್ವಾತಂತ್ರ್ಯವೆಂದು ಕರೆಯಲ್ಪಡುವುದು ಇಲ್ಲಿ ಪ್ರವಾಹದ ಸೆಳೆತವಾಗಿ ಪರಿಣಮಿಸುವುದುಂಟು.

ಇನ್ನು ಮೂರನೆಯ ವಾದ. ಅಂತರವನ್ನು ವಿಧಿಸಿದವರು ಪ್ರಸಾರಕರೆಂಬುದು ದಿಟವೇ. ಆದರೆ ಅದನ್ನು ತಿಳಿದೇ ಕೃತಿಕಾರರು ರಚಿಸಿದರೆಂಬುದನ್ನು ಮರೆಯಬಾರದು. ನಾಟ್ಯಶಾಸ್ತ್ರದಲ್ಲಿ ಬಿಂದುವೆಂಬ ಅರ್ಥಪ್ರಕೃತಿಯುಂಟು. ಅವಾಂತರಪ್ರಯೋಜನವೊಂದು ಮುಗಿದು ಕಥೆಯು ಕಡಿದುಹೋಗುವಂತೆ ತೋರುವಾಗ, ಕಡಿಯದಂತೆ ಹಿಡಿದಿಡುವುದೇ ಬಿಂದು. ನೀರಿನ ಮೇಲೆ ಹರಡುವ ಎಣ್ಣೆಯ ಹನಿಯೊಡನೆ ಧನಿಕನು ಅದನ್ನು ಹೋಲಿಸಿದ್ದಾನೆ. ಇದಲ್ಲದೆ ನಡೆದುದನ್ನೂ ನಡೆಯತಕ್ಕುದನ್ನೂ ಸೂಚಿಸಲು ವಿಷ್ಕಂಭಕ ಪ್ರವೇಶಕಗಳೂ, ತೆರೆಯ ಹಿಂದಿನಿಂದ ಅರ್ಥವನ್ನು ತಿಳಿಸುವ ಚೂಲಿಕೆಯೂ ವಿಧಿಸಲ್ಪಟ್ಟಿವೆ. ‘ಮಹಾಭಾರತ’ದ ಸಂಭಾಷಣೆಗಳನ್ನು ಬರೆದವರು ರಾಹಿ ಮಾಸೂಮ್ ರಜಾ. ಅದರಲ್ಲಿ ಕಾಲಪುರುಷನೇ ‘ನಾನು ಸಮಯ’ವೆಂದು ಅಶರೀರನಾಗಿ ಮಾತನಾಡಿ, ಹಿಂದಣದನ್ನು ನೆನಪಿಸಿ ಮುಂದಣದಕ್ಕೆ ಒಯ್ಯುತ್ತಾನೆ. ಹರೀಶ್ ಭಿಮಾನಿಯವರ ಆ ಧ್ವನಿಯು ಸಾಕ್ಷಾತ್ ಚೂಲಿಕೆಯೇ ಸರಿ. ವಾರ ಕಳೆದು ಬಂದವನಿಗೆ ಅದು ಕೈಹಿಡಿದು ಒಳಗೆ ಕರೆದೊಯ್ಯುವ ಬಾಗಿಲು. ಒಂದೇ ದಿನದಲ್ಲಿ ಹತ್ತು ಸಲ ಕೇಳಿದವನಿಗೆ ಅದೇ ಪುನರುಕ್ತಿಯಾಗಿ ಬೇಸರವನ್ನು ಹುಟ್ಟಿಸುತ್ತದೆ. ಪೀಠಿಕೆಯನ್ನು ದಾಟಿಸುವ ಗುಂಡಿಗೆ ಅವನ ಬೆರಳು ಹೋಗುತ್ತದೆ. ದೋಷವು ಕೃತಿಯಲ್ಲಿಲ್ಲ. ಬಿಂದುವನ್ನು ಪುನರುಕ್ತಿಯೆಂದು ಭ್ರಮಿಸಿದ ನೋಟದಲ್ಲಿದೆ.

ಮೊದಲನೆಯ ವಾದವಾದ ರಸಭಂಗಕ್ಕೆ ಆಲಂಕಾರಿಕರೇ ಉತ್ತರವನ್ನು ಕೊಟ್ಟಿದ್ದಾರೆ. ವಿಚ್ಛೇದಮಾತ್ರವು ಅವರಿಗೆ ದೋಷವಲ್ಲ. ಅಕಾಂಡದಲ್ಲಿ, ಎಂದರೆ ಸಲ್ಲದ ಸಮಯದಲ್ಲಿ, ಆದ ವಿಚ್ಛೇದವೇ ದೋಷವು. ಭವಭೂತಿಯ ವೀರಚರಿತದಲ್ಲಿ ರಾಮಪರಶುರಾಮರ ವೀರವು ಶಿಖರಕ್ಕೇರಿರುವಾಗ ರಾಮನು ಕಂಕಣವಿಸರ್ಜನೆಗೆ ಹೊರಡುವುದನ್ನು ಮಮ್ಮಟನು ಇದಕ್ಕೆ ಉದಾಹರಿಸುತ್ತಾನೆ. ಇದಕ್ಕೆ ಪ್ರತಿಯಾದ ಇನ್ನೊಂದು ದೋಷವನ್ನೂ ಆನಂದವರ್ಧನನು ಹೇಳಿದ್ದಾನೆ: ಪರಿಪೋಷವನ್ನು ಹೊಂದಿದ ರಸವನ್ನು ಮತ್ತೆ ಮತ್ತೆ ಉದ್ದೀಪಿಸಿದರೆ, ಕೈಯಾಡಿಸಿ ಕೈಯಾಡಿಸಿ ಬಾಡಿಸಿದ ಹೂವಿನಂತೆ ಅದು ಮ್ಲಾನವಾಗುತ್ತದೆ. ಆನಂದವರ್ಧನನು ಇದನ್ನು ಕವಿಗೆ ಹೇಳಿದನು; ಇಂದು ನೋಡುವವನಿಗೂ ಹೇಳಬೇಕಾಗಿದೆ. ಕವಿಯು ವಾರಕ್ಕೊಂದರಂತೆ ಕೊಟ್ಟ ಹೂವುಗಳನ್ನು ಒಂದೇ ದಿನ ಹಿಸುಕುವವನು ತಾನೇ ಆ ದೋಷವನ್ನು ತಂದುಕೊಳ್ಳುತ್ತಾನೆ.

ಕಥೆಯು ಮುಂದುವರಿಯದ ಕಡೆಯಲ್ಲಿಯೂ ಇದು ಸತ್ಯವೆಂಬುದಕ್ಕೆ ‘ಮಾಲ್ಗುಡಿ ಡೇಸ್’ ನಿದರ್ಶನವು. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದರು. 1987ರಲ್ಲಿ ಅವು ದೂರದರ್ಶನದಲ್ಲಿ ಬಂದವು. ಸ್ವಾಮಿಯ ಕಥೆಯಂಥ ಕೆಲವನ್ನು ಬಿಟ್ಟರೆ ಬಹುಭಾಗವು ಒಂದೊಂದು ಕಂತಿನಲ್ಲಿಯೇ ಮುಗಿಯತಕ್ಕವು, ಕಾವ್ಯಪರಿಭಾಷೆಯಲ್ಲಿ ಮುಕ್ತಕಗಳು. ಅಮರುಕನ ಮುಕ್ತಕಗಳು ಒಂದೊಂದೂ ಪ್ರಬಂಧದಂತೆ ರಸವನ್ನು ಸುರಿಸುತ್ತವೆಂಬ ಪ್ರಸಿದ್ಧಿಯಿದೆ. ಮುಕ್ತಕವು ಮುಗಿದ ಮೇಲೆ ಕುತೂಹಲಕ್ಕೆ ಎಡೆಯೆಲ್ಲಿ? ಆದರೂ ಆರು ಕಥೆಗಳನ್ನು ಒಂದರ ಮೇಲೊಂದು ನೋಡಿದರೆ, ಎರಡನೆಯದರ ನಗುವು ಮೊದಲನೆಯದರ ವಿಷಾದವನ್ನು ಅಳಿಸುತ್ತದೆ. ಕೊನೆಗೆ ಆಗುಂಬೆಯ ಮಳೆಯೊಂದೇ ಮನಸ್ಸಿನಲ್ಲಿ ಉಳಿಯುತ್ತದೆ. ಗೊತ್ತಿರುವ ಕಥೆಯಲ್ಲಿಯೂ ಮುಗಿದುಹೋದ ಕಥೆಯಲ್ಲಿಯೂ ವಿರಾಮವು ಬೇಕಾಗಿರುವುದರಿಂದ, ಅದರ ಪ್ರಯೋಜನವು ಕುತೂಹಲವಲ್ಲವೆಂಬುದು ಸ್ಥಿರಪಟ್ಟಿತು.

ಇಷ್ಟು ಹೇಳಿದ ಮಾತ್ರಕ್ಕೆ ತಟ್ಟೆಯನ್ನು ದೂಷಿಸಿದಂತಾಗಲಿಲ್ಲ. ಭಾಗವತವನ್ನು ದಿನಕ್ಕೆ ಇಷ್ಟೆಂದು ಪಾರಾಯಣ ಮಾಡುವವರೂ ಉಂಟು. ಹದಿನೆಂಟು ಸಾವಿರ ಗ್ರಂಥವನ್ನು ಸಪ್ತಾಹದಲ್ಲಿ ಮುಗಿಸುವವರೂ ಉಂಟು. ಯಕ್ಷಗಾನದ ಪ್ರಸಂಗವು ರಾತ್ರಿಯಿಡೀ ನಡೆದು ಬೆಳಗಿನೊಡನೆ ಮುಗಿಯುತ್ತಿದ್ದುದು ನಮ್ಮ ನಾಡಿನ ಸಂಪ್ರದಾಯವೇ. ಆದರೆ ಆ ಪ್ರಸಂಗವು ಒಂದು ರಾತ್ರಿಗೆಂದೇ ಕಟ್ಟಲ್ಪಟ್ಟುದು. ಸಪ್ತಾಹಕ್ಕೆ ಕುಳಿತವರಲ್ಲಿ ಅನೇಕರು ಕಥೆಯನ್ನು ಮೊದಲೇ ಮನನ ಮಾಡಿದವರು. ಎಂದ ಮೇಲೆ ನಿರಂತರದರ್ಶನವು ಎರಡನೆಯ ಸಲಕ್ಕೆ ಯೋಗ್ಯವಾದುದು. ವಿಮರ್ಶಕನಿಗಂತೂ ಅದು ಒರೆಗಲ್ಲು. 1998ರಲ್ಲಿ ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಇವರು ನಿರ್ದೇಶಿಸಿದ ‘ಮಾಯಾಮೃಗ’ವು ಜಯಚಾಮರಾಜೇಂದ್ರನಗರದ ನಮ್ಮ ದೂರದರ್ಶನ ಕೇಂದ್ರದಿಂದ ವಾರಕ್ಕೊಮ್ಮೆಯಲ್ಲದೆ ದಿನದಿನವೂ ಬಂದಿತು. ಅಂತರವು ಒಂದು ದಿನಕ್ಕೆ ಇಳಿದರೂ ಸಂಸಾರದ ಮಾತುಕತೆಗೆ ಅದು ಸಾಕಾಗಿತ್ತು. ಈಚಿನ ದೈನಿಕ ಧಾರಾವಾಹಿಗಳಲ್ಲಾದರೋ, ಬಾಗಿಲು ತೆರೆಯುವ ಕ್ಷಣದಲ್ಲಿ ನಿಲ್ಲಿಸುವುದು, ಬೆಚ್ಚಿದ ಮುಖವನ್ನು ವಾದ್ಯಘೋಷದೊಡನೆ ಮೂರು ಸಲ ತೋರಿಸುವುದು ಮುಂತಾದ ಉಪಾಯಗಳು ಹೆಚ್ಚಾಗಿವೆ. ಮರುದಿನ ಬಾಗಿಲಿನಾಚೆ ಇದ್ದುದು ಬೆಕ್ಕು. ಇಂಥವನ್ನು ಸಾಲಾಗಿ ನೋಡಿದಾಗ ವಂಚನೆಯು ಬಯಲಾಗುತ್ತದೆ. ಇದು ಬಿಂದುವಲ್ಲ, ಅಕಾಂಡಚ್ಛೇದವು. ಕೂಡಿಸುವ ವಿರಾಮವನ್ನೂ ಬರಿದೆ ಕೆಣಕುವ ವಿರಾಮವನ್ನೂ ಬೇರ್ಪಡಿಸಿ ತೋರಿಸುವುದೇ ಧಾರಾವಾಹಿಯ ವಿಮರ್ಶಕನ ಮೊದಲ ಕರ್ತವ್ಯವು.

ಅಧ್ಯಾಪಕಮಹಾಶಯರಲ್ಲಿ ಒಂದು ವಿಜ್ಞಾಪನೆಯಿದೆ. ಹಳೆಯ ಧಾರಾವಾಹಿಗಳನ್ನು ತರಗತಿಯಲ್ಲಿ ಒಂದೆರಡು ದಿನಗಳಲ್ಲಿ ತೋರಿಸಿ, ‘ಮಂದಗತಿ’, ‘ಪುನರುಕ್ತಿ’ ಎಂದು ವಿದ್ಯಾರ್ಥಿಗಳಿಂದ ಬರೆಯಿಸುವ ಪದ್ಧತಿ ಅಲ್ಲಲ್ಲಿ ಕಾಣುತ್ತಿದೆ. ಅದು ನ್ಯಾಯವಲ್ಲ. ಮೊದಲು ವಾರಕ್ಕೊಂದು ಕಂತನ್ನು ತೋರಿಸಿರಿ. ನಡುವಣ ದಿನಗಳಲ್ಲಿ ಅದೇ ಪ್ರಸಂಗವನ್ನು ಕುಮಾರವ್ಯಾಸನಲ್ಲಿ ಓದಿಸಿರಿ. ಆಮೇಲೆ ಬೇಕಾದರೆ ತಟ್ಟೆಯನ್ನು ಹಾಕಿರಿ. 2020ರ ಮಾರ್ಚ್ 28ರಿಂದ, ಊರೆಲ್ಲ ಮನೆಯೊಳಗೆ ಕುಳಿತಿದ್ದಾಗ, ಸಾಗರರ ‘ರಾಮಾಯಣ’ವನ್ನು ದಿನಕ್ಕೆ ಎರಡು ಹೊತ್ತು ಮರುಪ್ರಸಾರ ಮಾಡಿದರು. ನೋಡಿದವರು ಅಸಂಖ್ಯರು, ನಾನೂ ನೋಡಿದೆನು. ಜಗಲಿಗೆ ಬಂದು ಮಾತನಾಡಲು ಮಾತ್ರ ಆಗ ಯಾರಿಗೂ ಅವಕಾಶವಿರಲಿಲ್ಲ. ಕಂತುಗಳೆಲ್ಲ ಇದ್ದೂ ಏನೋ ಒಂದು ಕಡಿಮೆಯೆನಿಸಿತು. ಆ ಕಡಿಮೆಯಾದುದೇ ವಿರಾಮವೆಂದು ನನ್ನ ನಂಬಿಕೆ. ವಿದ್ವಾಂಸರು ಗುಣದೋಷಗಳನ್ನು ವಿವೇಚಿಸಿ ಈ ವಿಚಾರವನ್ನು ಮುಂದುವರಿಸಬೇಕೆಂದು ಪ್ರಾರ್ಥಿಸುತ್ತೇನೆ.